ಫಾರ್ಮ್ಯಾಟಿನ ಮಡಿ

“ಫಾರ್ಮ್ಯಾಟೇ ನೆಟ್ಟಗೆ ಮಾಡಲು ಬಾರದವನು ಸಂಶೋಧನೆ ಏನು ಮಾಡಿಯಾನು?” ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳ ಸ್ಟಾಫ್ ರೂಮಿನಲ್ಲಿ ಈ ಮಾತು ಕೇಳದವರಿಲ್ಲ. ಗೈಡು ಹೇಳುತ್ತಾರೆ, ಸಮ್ಮೇಳನದ ಸಂಚಾಲಕರು ಹೇಳುತ್ತಾರೆ, ಹೋದ ವರ್ಷ ಪಿಎಚ್‌ಡಿಗೆ ಸೇರಿದ ಹುಡುಗ ಈ ವರ್ಷ ಸೇರಿದ ಹುಡುಗಿಗೆ ಹೇಳುತ್ತಾನೆ. ಕೇಳಿದವರೆಲ್ಲ ತಲೆಯಾಡಿಸುತ್ತಾರೆ. ಶಿಸ್ತು ಬೇಡ ಎನ್ನುವ ಧೈರ್ಯ ಯಾರಿಗಿದೆ?

ನನ್ನ ತಕರಾರು ಈ ಮಾತಿನ ಮೇಲೆಯೇ. ಪ್ರಬಂಧ ಕಳಿಸುವವರು ಮೊದಲೇ ಅದನ್ನು ಟೆಂಪ್ಲೇಟಿನೊಳಗೆ ಕೂರಿಸಿ ಕಳಿಸಬೇಕು, ಕೂರಿಸದಿದ್ದರೆ ಓದದೆಯೇ ವಾಪಸ್ ಕಳಿಸಬಹುದು ಎಂಬ ಪದ್ಧತಿಯನ್ನು ವಿದ್ವತ್ತಿನ ಶಿಸ್ತು ಎಂದು ಕರೆಯುವುದೇ ತಪ್ಪು. ಇದು ಮಡಿ. ಮಡಿಯ ಲಕ್ಷಣಗಳೆಲ್ಲ ಇದಕ್ಕಿವೆ: ಮುಟ್ಟಿದರೆ ಮೈಲಿಗೆ, ಯಾಕೆಂದು ಕೇಳಿದರೆ ಅಧಿಕಪ್ರಸಂಗ, ನೀರು ಹೊರುವವರು ಮಾತ್ರ ಬೇರೆ ಯಾರೋ.

ಏನೇನು ಕೇಳುತ್ತಾರೆ ಎಂಬುದನ್ನು ಒಮ್ಮೆ ನೋಡಿ. ಎಂಜಿನಿಯರಿಂಗ್ ಕಡೆ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ ಟೆಂಪ್ಲೇಟಿನದೇ ದರ್ಬಾರು. ಪುಟಕ್ಕೆ ಎರಡು ಕಾಲಂ, ಶೀರ್ಷಿಕೆ 24 ಪಾಯಿಂಟ್, ಮೈಬರಹ 10, ಸಾರಾಂಶ 9 ಪಾಯಿಂಟಿನ ದಪ್ಪಕ್ಷರ, ರೆಫರೆನ್ಸ್ 8, ವಿಭಾಗಗಳಿಗೆ ರೋಮನ್ ಅಂಕಿ. ಅಲ್ಲಿ ತಿರಸ್ಕೃತವಾಯಿತು, ಸ್ಪ್ರಿಂಗರ್ ಪ್ರಕಾಶನದ ಕಂಪ್ಯೂಟರ್ ವಿಜ್ಞಾನ ಮಾಲೆಯಲ್ಲಿ ಬರುವ ಇನ್ನೊಂದು ಸಮ್ಮೇಳನಕ್ಕೆ ಕಳಿಸೋಣ ಎಂದರೆ ಈಗ ಒಂದೇ ಕಾಲಂ: ಅಗಲ 12.2 ಸೆಂಟಿಮೀಟರ್, ಎತ್ತರ 19.3 ಸೆಂಟಿಮೀಟರ್. ಪ್ರಬಂಧದ ಒಂದು ವಾಕ್ಯವೂ ಬದಲಾಗಿಲ್ಲ, ಆದರೂ ಪುಟಪುಟವನ್ನೂ ಮತ್ತೆ ಕಟ್ಟಬೇಕು. ಕನ್ನಡ ವಿಭಾಗಗಳ ರಾಷ್ಟ್ರೀಯ ವಿಚಾರ ಸಂಕಿರಣದ ಕರಪತ್ರಕ್ಕೆ ಬಂದರೆ, ನುಡಿ 01 ಇ ಫಾಂಟ್, 14 ಪಾಯಿಂಟ್, ಸಾಲಿನ ಅಂತರ 1.5, ನಾಲ್ಕೂ ಕಡೆ ಒಂದಿಂಚು ಮಾರ್ಜಿನ್, ನಡುವೆ ಇಂಗ್ಲಿಷ್ ಬಂದರೆ ಟೈಮ್ಸ್ ನ್ಯೂ ರೋಮನ್ 12. ಅದೇ ಕರಪತ್ರದಲ್ಲಿ ಮುಖ್ಯ ಪೋಷಕರು, ಪೋಷಕರು, ಗೌರವ ಪೋಷಕರ ಭಾವಚಿತ್ರಗಳಿಗೆ ಹೋಗಿ ಉಳಿದ ಜಾಗದಲ್ಲಿ ಸಂಕಿರಣದ ವಿಷಯ ಮುದುಡಿ ಕೂತಿರುತ್ತದೆ. ಅದರ ಪಾಯಿಂಟನ್ನು ಯಾರೂ ಅಳೆದಂತಿಲ್ಲ.

ಅಂದಹಾಗೆ, ಟೈಮ್ಸ್ ನ್ಯೂ ರೋಮನ್ ಹುಟ್ಟಿದ್ದು ವಿದ್ವಾಂಸರಿಗಾಗಿ ಅಲ್ಲ. 1932ರಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ತನ್ನ ಕಿರಿದಾದ ಕಾಲಂಗಳಲ್ಲಿ ಹೆಚ್ಚು ಪದ ಹಿಡಿಸಲೆಂದು ಮಾಡಿಸಿಕೊಂಡ ಅಕ್ಷರ ಅದು. 1972ರಲ್ಲಿ ಆ ಪತ್ರಿಕೆಯೇ ಅದನ್ನು ಕೈಬಿಟ್ಟಿತು. ನಮ್ಮ ಸಂಚಾಲಕರು ಬಿಟ್ಟಿಲ್ಲ.

ಈಗ ಅವರ ದೊಡ್ಡ ವಾದ. ಸೂಚನೆ ಪಾಲಿಸುವವನು ಎಚ್ಚರದ ಮನುಷ್ಯ, ಎಚ್ಚರದ ಮನುಷ್ಯನ ಸಂಶೋಧನೆಯೂ ಎಚ್ಚರದ್ದು, ಆದ್ದರಿಂದ ಫಾರ್ಮ್ಯಾಟ್ ಒಂದು ಜರಡಿಯಾಗಿ ಕೆಲಸ ಮಾಡುತ್ತದಂತೆ. ಈ ಜರಡಿಯಲ್ಲಿ ಏನೇನು ಜಾರಿಹೋಗಿದೆ ಗೊತ್ತೇ? 2005ರಲ್ಲಿ ಅಮೆರಿಕದ ಎಂಐಟಿಯ ಮೂವರು ವಿದ್ಯಾರ್ಥಿಗಳು ‘ಸೈಜೆನ್’ ಎಂಬ ಪ್ರೋಗ್ರಾಂ ಬರೆದರು. ಗುಂಡಿ ಒತ್ತಿದರೆ ಸಾಕು, ಕಂಪ್ಯೂಟರ್ ವಿಜ್ಞಾನದ ಶಬ್ದಗಳನ್ನು ಸಿಕ್ಕಾಪಟ್ಟೆ ಕಲಸಿದ, ತಲೆಬುಡವಿಲ್ಲದ ಒಂದು ಪ್ರಬಂಧ ಉದುರುತ್ತಿತ್ತು. ಗ್ರಾಫು, ಚಿತ್ರ, ರೆಫರೆನ್ಸುಗಳೊಂದಿಗೆ ಲೇಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿ ಅಚ್ಚುಕಟ್ಟಾಗಿ ಜೋಡಿಸಿಯೇ ಕೊಡುತ್ತಿತ್ತು. ಅಂಥದ್ದೊಂದನ್ನು ಅವರು ಅದೇ ವರ್ಷ ಒಂದು ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಕಳಿಸಿದರು, ಸ್ವೀಕೃತವಾಯಿತು. ತಮಾಷೆ ಅಲ್ಲಿಗೆ ಮುಗಿಯಲಿಲ್ಲ. ಸಿರಿಲ್ ಲಾಬೆ ಎಂಬ ಫ್ರೆಂಚ್ ಸಂಶೋಧಕ ಹುಡುಕುತ್ತ ಹೋದಂತೆ ಇದೇ ಯಂತ್ರದ ಕೂಸುಗಳು ಸಾಲುಸಾಲಾಗಿ ಸಿಕ್ಕವು. 2014ರಲ್ಲಿ ಐಇಇಇ ಮತ್ತು ಸ್ಪ್ರಿಂಗರ್ ಎರಡೂ ಸೇರಿ 120ಕ್ಕಿಂತ ಹೆಚ್ಚು ಪ್ರಬಂಧಗಳನ್ನು ತಮ್ಮ ಸಂಗ್ರಹದಿಂದ ಕಿತ್ತುಹಾಕಬೇಕಾಯಿತು.

ಅವಕ್ಕೆ ಕಾಲಂ ಇರಲಿಲ್ಲವೇ? ಇತ್ತು. ಸಾರಾಂಶ ಇರಲಿಲ್ಲವೇ? ಇತ್ತು. ಇರದಿದ್ದದ್ದು ಅರ್ಥ ಒಂದೇ, ಅದನ್ನು ಟೆಂಪ್ಲೇಟು ಕೇಳಿರಲಿಲ್ಲ. ಈಗಂತೂ ಎಐ ಬಂದಿದೆ, ಕಾಫಿ ತಣ್ಣಗಾಗುವುದರೊಳಗೆ ಯಾವ ಟೊಳ್ಳನ್ನು ಬೇಕಾದರೂ ಯಾವ ಟೆಂಪ್ಲೇಟಿಗೆ ಬೇಕಾದರೂ ಹೊಂದಿಸಿ ಕೊಡುತ್ತದೆ. ಇಷ್ಟಾದ ಮೇಲೂ ಚೊಕ್ಕ ಪುಟವನ್ನು ಚೊಕ್ಕ ಬುದ್ಧಿಯ ಗುರುತೆಂದು ನಂಬುವವರನ್ನು ಏನನ್ನಬೇಕು? ನಿಜವಾಗಿ ಎಚ್ಚರ ಬೇಕಾದ ಕಡೆಗಳಿವೆ: ಉಲ್ಲೇಖಿಸಿದ ಸಾಲು ಮೂಲದಲ್ಲಿ ಹಾಗೆಯೇ ಇದೆಯೇ, ಕೋಷ್ಟಕದ ಮೊತ್ತ ಸರಿಬರುತ್ತದೆಯೇ, ಶಾಸನದ ಪಾಠವನ್ನು ಕಣ್ಣಾರೆ ನೋಡಿದ್ದಾರೆಯೇ. ಇವನ್ನು ಪರೀಕ್ಷಿಸುವ ಟೆಂಪ್ಲೇಟನ್ನು ನಾನು ಕಂಡಿಲ್ಲ. ಐಇಇಇಯ ಪಿಡಿಎಫ್ ತಪಾಸಣೆಯ ತಾಣ ಫಾಂಟ್ ಎಂಬೆಡ್ ಆಗಿದೆಯೇ ಎಂದು ಕಟ್ಟುನಿಟ್ಟಾಗಿ ನೋಡುತ್ತದೆ. ಫಾಂಟಿನೊಳಗೆ ಸತ್ಯ ಎಂಬೆಡ್ ಆಗಿದೆಯೇ ಎಂಬುದು ಅದರ ಕೆಲಸವಲ್ಲ.

ಎರಡನೆಯದು, ಈ ದುಡಿಮೆ ಯಾರದ್ದು ಎಂಬ ಪ್ರಶ್ನೆ. ಪುಟ ಕಟ್ಟುವುದು ಒಂದು ಕಾಲಕ್ಕೆ ಮುದ್ರಕರ ಕಸುಬಾಗಿತ್ತು. ಮೊಳೆ ಜೋಡಿಸುವವರಿದ್ದರು, ಕರಡು ತಿದ್ದುವವರಿದ್ದರು, ಅದಕ್ಕೆ ಅವರಿಗೆ ಕೂಲಿ ಇತ್ತು. ಆಫ್‌ಸೆಟ್ ಬಂದ ಮೇಲೆ ಲೇಖಕರೇ ಟೈಪ್ ಮಾಡಿದ ಹಾಳೆಯ ಫೋಟೊ ತೆಗೆದು ಅಚ್ಚು ಹಾಕಿದರೆ ಬೇಗ ಆಗುತ್ತದೆ ಎಂದು ಪ್ರಕಾಶಕರು ಕಂಡುಕೊಂಡರು. ಬೇಗ ಬರುತ್ತದಲ್ಲ ಎಂದು ಲೇಖಕರೂ ಒಪ್ಪಿದರು. ಕ್ಯಾಮೆರಾ ಹೋಯಿತು, ಹಾಳೆಯೂ ಹೋಯಿತು, ಬಿಟ್ಟಿ ಚಾಕರಿ ಮಾತ್ರ ಉಳಿಯಿತು. ಲೇಖಕರು ಪುಟ ಕಟ್ಟಬೇಕು, ನೋಂದಣಿ ಶುಲ್ಕವನ್ನೂ ಕಟ್ಟಬೇಕು. ಹಾಗಾದರೆ ಪ್ರಕಾಶಕರು ಕಟ್ಟುವುದು ಏನನ್ನು?

2019ರಲ್ಲಿ ‘ಪ್ಲೋಸ್ ಒನ್’ ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷೆಯಲ್ಲಿ 41 ದೇಶಗಳ 372 ಸಂಶೋಧಕರು ಉತ್ತರಿಸಿದ್ದರು. ಒಂದು ಲೇಖನದ ಫಾರ್ಮ್ಯಾಟಿಂಗಿಗೆ ಸರಿಸುಮಾರು 14 ಗಂಟೆ, ಒಬ್ಬೊಬ್ಬರಿಗೂ ವರ್ಷಕ್ಕೆ 52 ಗಂಟೆ ಹಿಡಿಯುತ್ತದೆ ಎಂಬುದು ಅದರ ಲೆಕ್ಕ. ಬಹುಮಟ್ಟಿಗೆ ಸಂಬಳ ಬರುವವರ ಲೆಕ್ಕ ಅದು ಎಂಬುದನ್ನು ನೆನಪಿಡಿ. ನಮ್ಮ ಹುಡುಗರ ಲೆಕ್ಕ ಬೇಕೆಂದರೆ ಧಾರವಾಡದಲ್ಲೋ ಕಲಬುರಗಿಯಲ್ಲೋ ವಿಶ್ವವಿದ್ಯಾಲಯದ ಸುತ್ತಿನ ಡಿಟಿಪಿ ಅಂಗಡಿಗಳಲ್ಲಿ ಕೊನೆಯ ದಿನದ ರಾತ್ರಿ ಹೋಗಿ ನಿಲ್ಲಬೇಕು.

ನಾನು ನಿಂತಿದ್ದೇನೆ. ಸಮಾಜಶಾಸ್ತ್ರದ ಒಬ್ಬ ಹುಡುಗಿ ಪೆನ್‌ಡ್ರೈವ್ ಕೊಟ್ಟು ಸ್ಟೂಲಿನ ತುದಿಯಲ್ಲಿ ಕೂತಿದ್ದಳು. ಹಳ್ಳಿಯೊಂದರ ಮನೆಮನೆ ತಿರುಗಿ ಸೇರಿಸಿದ ಅಂಕಿಗಳ ಕೋಷ್ಟಕ, ಅಡ್ಡಕ್ಕೆ ಆರು ಕಲಂ. ಎರಡು ಕಾಲಂನ ಪುಟದೊಳಗೆ ಅದು ಕೂರುತ್ತಿಲ್ಲ. ಅಕ್ಷರವನ್ನು 7 ಪಾಯಿಂಟಿಗೆ ಇಳಿಸಿದರೂ ಕೋಷ್ಟಕ ಮುಂದಿನ ಪುಟಕ್ಕೆ ನೆಗೆಯುತ್ತದೆ, ಹಿಂದೆ ಅರ್ಧ ಪುಟ ಬಿಳಿ ಉಳಿಯುತ್ತದೆ. ಅಂಗಡಿಯವನು ಮೌಸ್ ಬಿಟ್ಟು ತಿರುಗಿದ: “ಮೇಡಮ್ಮರ, ಇದೊಂದು ಕಲಂ ತಗದ್ರ ಕುಂದರತೈತಿ ನೋಡ್ರಿ.” ಆಕೆ ಗಡಿಯಾರ ನೋಡಿದಳು. “ತಗೀರಿ ಅಣ್ಣಾ, ಹನ್ನೆರಡಕ್ಕ ಸೈಟ್ ಬಂದ್ ಆಗತೈತಿ.” ಹೋದದ್ದು ‘ಜಮೀನಿಲ್ಲದವರು’ ಎಂಬ ಕಲಂ. ಪುಟ ಚಂದ ಬಂತು.

ಆ ಪ್ರಬಂಧಕ್ಕೆ ಮುಂದೆ ‘ಅತ್ಯುತ್ತಮ’ ಎಂಬ ಪ್ರಮಾಣಪತ್ರ ಸಿಕ್ಕಿದ್ದರೂ ನನಗೆ ಆಶ್ಚರ್ಯವಿಲ್ಲ. ಪುಟ ಮಿತಿ ಎಂಬುದು ಎಲ್ಲೆಡೆ ಇದನ್ನೇ ಮಾಡಿಸುತ್ತದೆ. ದೊಡ್ಡ ದೊಡ್ಡ ಸಮ್ಮೇಳನಗಳ ಕಥೆಯೂ ಬೇರೆಯಲ್ಲ. ಯಂತ್ರಕಲಿಕೆಯ ನ್ಯೂರಿಪ್ಸ್‌ನಂಥ ಕಡೆ ಪುಟ ಮೀರಿದರೆ, ಶೈಲಿಯ ಫೈಲನ್ನು ತಿದ್ದಿದರೆ ವಿಮರ್ಶಕರ ಕೈಗೂ ಹೋಗದೆ ತಿರಸ್ಕೃತವಾಗಬಹುದು. ಆದ್ದರಿಂದ ಘಟಾನುಘಟಿಗಳೂ ರಾತ್ರಿಯಿಡೀ ಕೂತು ಚಿತ್ರದ ಕೆಳಗಿನ ಜಾಗವನ್ನು ಮೂರು ಮಿಲಿಮೀಟರ್ ಹಿಂಡುವುದು, ಒಂಟಿ ಪದ ಉಳಿದ ಸಾಲನ್ನು ಮೇಲಕ್ಕೆಳೆಯಲು ವಾಕ್ಯದ ಕೈಕಾಲು ಕತ್ತರಿಸುವುದು ಮಾಡುತ್ತಾರೆ. ಜಾಗ ಸಾಲದಾಗ ಮೊದಲು ಬಲಿಯಾಗುವುದು ಯಾವುದು? ಸೋತ ಪ್ರಯೋಗದ ವಿವರ, ವಿಧಾನದ ಸೂಕ್ಷ್ಮಗಳು. ಅಂದರೆ ಇನ್ನೊಬ್ಬ ಸಂಶೋಧಕನಿಗೆ ಬೇಕಾದದ್ದೇ. ಉದ್ದಕ್ಕೆ ಮಿತಿ ಹಾಕುವುದಾದರೆ ಪದಗಳನ್ನು ಎಣಿಸಿ. ಪುಟ ಯಾಕೆ?

ಈ ಯಾತನೆ ತಪ್ಪಿಸಲೆಂದೇ ಹುಟ್ಟಿದ ಸಾಧನ ಲೇಟೆಕ್. 1977ರಲ್ಲಿ ತನ್ನ ಪುಸ್ತಕದ ಕರಡಚ್ಚು ನೋಡಿ ಬೇಸತ್ತ ಡೊನಾಲ್ಡ್ ಕ್ನೂತ್ ‘ಟೆಕ್’ ಎಂಬ ತಂತ್ರಾಂಶ ಬರೆಯಲು ಕೂತರು. ಎಂಬತ್ತರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ ಲೇಟೆಕ್ ಕಟ್ಟಿದ್ದರ ಹಿಂದಿನ ಆಸೆ, ಲೇಖಕ ವಿಷಯ ನೋಡಿಕೊಳ್ಳಲಿ, ರೂಪವನ್ನು ಯಂತ್ರಕ್ಕೆ ಬಿಡಲಿ ಎಂಬುದು. ಇವತ್ತು ಆ ಯಂತ್ರದ ಎದುರು ಕೂತ ಲೇಖಕನಿಗೆ ರೂಪ ಬಿಟ್ಟು ಇನ್ನೇನೂ ಕಾಣುತ್ತಿಲ್ಲ.

ಕನ್ನಡದ ಕಡೆ ಬಂದಾಗ ಈ ಮಡಿ ಇನ್ನಷ್ಟು ಕ್ರೂರವಾಗುತ್ತದೆ. ಹೆಸರಿನಿಂದಲೇ ಶುರು ಮಾಡಿ. ಎಷ್ಟೋ ಸಮ್ಮೇಳನಗಳ ತಾಣಗಳಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎರಡೂ ಕಡ್ಡಾಯ. ನಮ್ಮ ಮಕ್ಕಳಿಗೆ ಕೊನೆಯ ಹೆಸರು ಎಲ್ಲಿಂದ ಬರಬೇಕು? ಮಂಜುಳಾ ಎಚ್. ಎಂಬ ಹುಡುಗಿ ಇದ್ದಾಳೆನ್ನಿ. ಆ ಎಚ್ ಅವಳ ಊರೋ ಅಪ್ಪನೋ, ಅಂತೂ ಮನೆತನದ ಹೆಸರಲ್ಲ. ಖಾನೆ ಖಾಲಿ ಬಿಟ್ಟರೆ ಫೈಲು ಮುಂದಕ್ಕೆ ಹೋಗದು, ಎಚ್ ಎಂದು ತುಂಬುತ್ತಾಳೆ. ಅಲ್ಲಿಂದ ಮುಂದೆ ಜಗತ್ತಿನ ಗ್ರಂಥಸೂಚಿಗಳಲ್ಲಿ ಅವಳು ‘ಎಚ್ ಮತ್ತು ಇತರರು’. ಇನ್ನು ನಮ್ಮ ಹಿರಿಯರು. ತೀ.ನಂ. ಶ್ರೀಕಂಠಯ್ಯನವರನ್ನು ‘ಶ್ರೀಕಂಠಯ್ಯ, ತೀ.ನಂ.’ ಎಂದು ತಿರುಗಿಸದಿದ್ದರೆ ಪ್ರಬಂಧ ಅಶಿಸ್ತಿನದು. ಕನ್ನಡ ಓದುಗರು ತೀನಂಶ್ರೀಯನ್ನು ‘ಶ್ರೀ’ಯ ಕೆಳಗೆ ಹುಡುಕುತ್ತಾರೆಯೇ?

ಎಪಿಎ ಎಂಬ ಉಲ್ಲೇಖ ಶೈಲಿಯ 2019ರ ಆವೃತ್ತಿ ಪ್ರಕಾಶನದ ಊರನ್ನು ಕೈಬಿಟ್ಟಿತು. ಜಗತ್ತಿನಾದ್ಯಂತ ಅಂಗಡಿ ಇಟ್ಟಿರುವ ಪ್ರಕಾಶಕರಿಗೆ ಊರು ಬೇಕಿಲ್ಲ, ಸರಿ. ಕನ್ನಡದಲ್ಲಿ ಪುಸ್ತಕ ಬೇಕಾದವನಿಗೆ ಊರೇ ವಿಳಾಸ. ಹೆಗ್ಗೋಡು ಎಂದಿದ್ದರೆ ಅಕ್ಷರ ಪ್ರಕಾಶನಕ್ಕೆ ಫೋನ್ ಮಾಡುತ್ತೇವೆ, ಧಾರವಾಡ ಎಂದಿದ್ದರೆ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತುತ್ತೇವೆ. ತಾಲ್ಲೂಕು ಕೇಂದ್ರದಿಂದ ಹೊರಟ, ಎರಡನೇ ಮುದ್ರಣ ಕಾಣದ ಪುಸ್ತಕವನ್ನು ಊರಿನ ಹೆಸರಿಲ್ಲದೆ ಹುಡುಕುವುದು ಹೇಗೆ? ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ (ಎಪಿಎ) ತನ್ನ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಕನ್ನಡ ಸಂಶೋಧಕನ ಮೇಲೆ ಕಾನೂನಾಗಿ ಬಂದು ಕೂತಿದೆ, ಕೂರಿಸಿದವರು ನಾವೇ. ಉಲ್ಲೇಖ ಶೈಲಿಗಳ ಮುಕ್ತ ಭಂಡಾರವೊಂದರಲ್ಲಿ, ಝೊಟೆರೊದಂಥ ತಂತ್ರಾಂಶಗಳು ಬಳಸುವ ಭಂಡಾರದಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಶೈಲಿಗಳಿವೆ. ಒಂದರ ನಕಲು ಇನ್ನೊಂದಾದವನ್ನು ಕಳೆದರೂ ಸಾವಿರಗಟ್ಟಲೆ ಉಳಿಯುತ್ತವೆ. ಲೇಖಕ, ಪುಸ್ತಕ, ಊರು, ವರ್ಷ, ಪುಟ ಎಂಬ ಐದು ಸಂಗತಿ ಹೇಳಲು ಸಾವಿರಾರು ಬಗೆ, ಅದರಲ್ಲಿ ಕನ್ನಡಕ್ಕೆ ಹೊಂದುವುದು ಒಂದೂ ನನಗೆ ಕಂಡಿಲ್ಲ!

ಎಲ್ಲಕ್ಕಿಂತ ಮೂರ್ಖತನದ್ದು ನುಡಿ 01 ಇ ಎಂಬ ಹಟ. ಈ ಹಳೆಯ ಫಾಂಟಿನಲ್ಲಿ ಟೈಪಾದ ಪಠ್ಯ ಕಣ್ಣಿಗೆ ಮಾತ್ರ ಕನ್ನಡ. ಅದರ ಅಡಿಯಲ್ಲಿರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ರಾಶಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ: ‘ಕನ್ನಡ’ ಎಂಬ ಮೂರಕ್ಷರದ ಜಾಗದಲ್ಲಿ ಇಂಗ್ಲಿಷಿನ ಪಿ, ಬ್ರಿಟಿಷ್ ಪೌಂಡಿನ ಗುರುತು, ನೆತ್ತಿಯ ಮೇಲೆ ಗೀರೆಳೆದ ಎ ಇತ್ಯಾದಿ ಕಾಣಿಸುತ್ತವೆ. ಗೂಗಲ್ ಅದನ್ನು ಹುಡುಕಲಾರದು, ಅಂಧ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಅದನ್ನು ಓದಲಾರದು. ಯುನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ನುಡಿಯ ಹೊಸ ಆವೃತ್ತಿಗಳಲ್ಲೂ ಯುನಿಕೋಡ್ ಇದೆ. ಆದರೂ ಕರಪತ್ರಗಳು ಹಳೆಯ ಕರಪತ್ರದಿಂದ ನಕಲಾಗುತ್ತ ಬಂದಿವೆ, ಯುನಿಕೋಡಿನಲ್ಲಿ ಕಳಿಸಿದವರಿಗೆ “ನುಡಿಗೆ ಕನ್ವರ್ಟ್ ಮಾಡಿ ಕಳಿಸಿ” ಎಂಬ ಉತ್ತರ ಬರುತ್ತದೆ. ಶಿಸ್ತಿನ ಹೆಸರಿನಲ್ಲಿ ಇಡೀ ತಲೆಮಾರಿನ ಕನ್ನಡ ಸಂಶೋಧನೆಯನ್ನು ಯಾರೂ ಹುಡುಕಲಾಗದ ಜಾಗದಲ್ಲಿ ಹೂತವರು ಮಾರ್ಜಿನ್ ಒಂದಿಂಚಿದೆಯೇ ಎಂದು ಸ್ಕೇಲು ಹಿಡಿಯುತ್ತಾರೆ.

ಮೇಲ್ಮೈಯ ಚಾಳಿ ಒಳಕ್ಕೂ ಇಳಿದಿದೆ. ಈಗ ವಡ್ಡಾರಾಧನೆಯ ಬಗ್ಗೆ ಬರೆಯುವವರಿಗೂ ಸಾರಾಂಶ, ಪ್ರಮುಖ ಪದಗಳು, ಪ್ರಾಕ್ಕಲ್ಪನೆ, ಸಂಶೋಧನಾ ವಿಧಾನ, ಫಲಿತಗಳು ಎಂಬ ಉಪಶೀರ್ಷಿಕೆಗಳು ಬೇಕು. ‘ಸಂಶೋಧನಾ ವಿಧಾನ’ದ ಕೆಳಗೆ ಏನಿರುತ್ತದೆ ಎಂಬುದನ್ನು ನೋಡದೆಯೇ ಹೇಳಬಹುದು: ಈ ಅಧ್ಯಯನಕ್ಕೆ ಪ್ರಾಥಮಿಕ ಹಾಗೂ ದ್ವಿತೀಯಕ ಆಕರಗಳನ್ನು ಬಳಸಿಕೊಳ್ಳಲಾಗಿದೆ. ಹೌದೇ? ಮೂರನೆಯ ಬಗೆಯ ಆಕರವನ್ನು ಬಳಸಿದವರನ್ನು ಇನ್ನೂ ಹುಡುಕುತ್ತಿದ್ದೇನೆ. ಪ್ರಯೋಗಾಲಯದ ವರದಿಗೆ ಹೊಂದುವ ಚೌಕಟ್ಟಿಗೆ ಕಾವ್ಯದ ಓದನ್ನು ಕತ್ತರಿಸಿ ತುರುಕಿದರೆ ಖಾನೆಗಳು ತುಂಬುತ್ತವೆ, ಓದು ಸಾಯುತ್ತದೆ. ಒಂದು ಪದ್ಯದ ಹಿಂದೆ ಬಿದ್ದು, ಅಡ್ಡದಾರಿ ಹಿಡಿದು, ಕೊನೆಗೆ ಬೇರೆಲ್ಲೋ ತಲುಪುವ ಲೇಖನವನ್ನು ಇವತ್ತಿನ ವಿದ್ಯಾರ್ಥಿ ಬರೆದರೆ ‘ಫಲಿತಗಳು ಎಲ್ಲಿ?’ ಎಂದು ವಾಪಸ್ ಬರುತ್ತದೆ.

ಅಷ್ಟು ಮಾಡಿದ್ದಕ್ಕೆ ಓದುಗನಿಗಾದರೂ ಸುಖವಿದೆಯೇ? ಎರಡು ಕಾಲಂನ ಪಿಡಿಎಫ್ ಅನ್ನು ಮೊಬೈಲಿನಲ್ಲಿ ಓದಿ ನೋಡಿ, ನಮ್ಮ ಹುಡುಗರಲ್ಲಿ ಬಹುಮಂದಿ ಓದುವುದು ಅದರಲ್ಲೇ. ಬೆರಳಿನಿಂದ ಹಿಗ್ಗಿಸಿ, ಕೆಳಕ್ಕಿಳಿದು, ಮತ್ತೆ ಮೇಲಕ್ಕೆ ಬಲಕ್ಕೆ ಎಳೆದುಕೊಂಡು ಸಾಲು ಹುಡುಕಬೇಕು. ಸಂಶೋಧನಾ ಲೇಖನಗಳ ಮುಕ್ತ ಭಂಡಾರವಾದ ಆರ್ಕೈವ್ (arXiv) ತಾಣ 2023ರ ಡಿಸೆಂಬರಿನಿಂದ ಹೊಸ ಲೇಖನಗಳನ್ನು ವೆಬ್ ಪುಟದ ರೂಪದಲ್ಲೂ ಕೊಡತೊಡಗಿದ್ದು ಪಿಡಿಎಫ್ ಅನೇಕರಿಗೆ, ಮುಖ್ಯವಾಗಿ ಕಣ್ಣು ಕಾಣದವರಿಗೆ, ಬಾಗಿಲು ಮುಚ್ಚುತ್ತದೆ ಎಂದು ತಿಳಿದೇ. ಕಾಗದದ ಪುಟ ಯಾರ ಕೈಯಲ್ಲೂ ಇಲ್ಲದ ಕಾಲದಲ್ಲಿ ಕಾಗದದ ಅಳತೆಗೆ ಜಗಳ ನಡೆದಿದೆ.

ಹಾಗಿದ್ದರೆ ಈ ಪದ್ಧತಿ ಉಳಿದಿರುವುದೇಕೆ? ಓದುವ ಕೆಲಸ ತಪ್ಪಿಸುತ್ತದಲ್ಲ, ಅದಕ್ಕೆ. ಪ್ರಬಂಧ ಓದಿ ಅದು ಟೊಳ್ಳು ಎಂದು ಹೇಳಬೇಕಾದರೆ ವಿಷಯ ಗೊತ್ತಿರಬೇಕು, ಹೇಳಿದ ಮಾತಿಗೆ ಹೊಣೆಯಾಗಬೇಕು. ಮಾರ್ಜಿನ್ ತಪ್ಪಿದೆ ಎನ್ನಲು ಏನೂ ಗೊತ್ತಿರಬೇಕಿಲ್ಲ. ಸಂಕಿರಣಗಳು ಹೆಚ್ಚಿದ್ದೂ ಓದಿಗಾಗಿ ಅಲ್ಲ. ಯುಜಿಸಿಯ 2016ರ ನಿಯಮ ಪಿಎಚ್‌ಡಿ ಸಲ್ಲಿಸುವ ಮುನ್ನ ಎರಡು ಕಡೆ ಪ್ರಬಂಧ ಮಂಡಿಸಿರಬೇಕೆಂದಿತು, ಊರೂರಲ್ಲಿ ವಿಚಾರ ಸಂಕಿರಣಗಳು ಎದ್ದವು. 2022ರ ನಿಯಮದಲ್ಲಿ ಆ ಕಡ್ಡಾಯ ಹೋಯಿತು, ಸಂಕಿರಣಗಳು ಹೋಗಲಿಲ್ಲ. ಎಷ್ಟೋ ಕಡೆ ಪ್ರಬಂಧಗಳ ಸಂಪುಟ ಐಎಸ್‌ಬಿಎನ್ ಸಮೇತ ಉದ್ಘಾಟನೆಯ ವೇದಿಕೆಯಲ್ಲೇ ಬಿಡುಗಡೆಯಾಗುತ್ತದೆ. ಮಂಡನೆ ಮಧ್ಯಾಹ್ನದ ಊಟದ ನಂತರ, ತಲಾ ಐದು ನಿಮಿಷ, ಅಧ್ಯಕ್ಷರ ಕೈಯಲ್ಲಿ ಗಂಟೆ. ಯಾರಾದರೂ ಎದ್ದು ಒಳ್ಳೆಯ ಪ್ರಶ್ನೆ ಕೇಳಿದರೂ ಅದು ಪ್ರಬಂಧದೊಳಗೆ ಸೇರುವ ದಾರಿಯೇ ಇಲ್ಲ, ಪುಸ್ತಕ ಬೆಳಿಗ್ಗೆಯೇ ಅಚ್ಚಾಗಿ ಬಂದಿದೆ! ಓದುವವರಿಲ್ಲದ, ಚರ್ಚಿಸುವವರಿಲ್ಲದ ಈ ವ್ಯವಹಾರಕ್ಕೆ ವಿದ್ವತ್ತಿನ ಮುಖವಾಡ ಬೇಕು. ಒಂದೇ ಅಳತೆಯ ಪುಟಗಳು ಅದನ್ನು ಒದಗಿಸುತ್ತವೆ.

ಬೇರೆ ದಾರಿ ಇಲ್ಲವೆಂದು ಯಾರೂ ಹೇಳಬಾರದು. 1978ರಲ್ಲಿ ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು ಕೆನಡಾದ ವ್ಯಾಂಕೂವರಿನಲ್ಲಿ ಸೇರಿ, ಲೇಖಕರು ಪತ್ರಿಕೆಗೊಂದರಂತೆ ಹಸ್ತಪ್ರತಿ ಬದಲಿಸುವ ಗೋಳು ತಪ್ಪಲೆಂದು ಎಲ್ಲರಿಗೂ ಒಪ್ಪಿಗೆಯಾಗುವ ಒಂದೇ ನಮೂನೆ ಮಾಡಿದರು, ಮರುವರ್ಷ ಪ್ರಕಟಿಸಿದರು. ಟೈಪ್‌ರೈಟರ್ ಕಾಲದಲ್ಲಿ ಸಾಧ್ಯವಾದದ್ದು ಈಗ ಆಗದೇ? ಲಾಭಕ್ಕೆ ಹೆಸರಾದ ಪ್ರಕಾಶನ ಸಂಸ್ಥೆ ಎಲ್ಸೆವಿಯರ್ ಕೂಡ ಹತ್ತು ವರ್ಷಕ್ಕೂ ಹಿಂದೆಯೇ ತನ್ನ ಅನೇಕ ಪತ್ರಿಕೆಗಳಲ್ಲಿ ಮೊದಲ ಸಲ್ಲಿಕೆ ಯಾವ ರೂಪದಲ್ಲಿದ್ದರೂ ಆದೀತು ಎಂದಿತು. ನಮ್ಮ ಸರ್ಕಾರಿ ಕಾಲೇಜಿನ ಸಂಕಿರಣ ಸಮಿತಿ ಎಲ್ಸೆವಿಯರಿಗಿಂತಲೂ ಬಿಗಿ.

ಆದ್ದರಿಂದ ಸಂಚಾಲಕರೇ, ಮುಂದಿನ ಕರಪತ್ರದಿಂದ ಫಾಂಟು, ಪಾಯಿಂಟು, ಮಾರ್ಜಿನ್ ಎಂಬ ಮೂರೂ ಸಾಲು ತೆಗೆಯಿರಿ. ಯುನಿಕೋಡಿನಲ್ಲಿರಲಿ, ಇಷ್ಟು ಪದ ಮೀರದಿರಲಿ, ಆಕರ ಪತ್ತೆಯಾಗುವಂತಿರಲಿ ಎಂದಷ್ಟೇ ಬರೆಯಿರಿ. ಬಂದದ್ದನ್ನು ಓದಿ. ಬೇಡವೆಂದರೆ ಯಾಕೆ ಬೇಡ ಎಂಬುದನ್ನು ವಿಷಯದ ಮೇಲೆ ನಾಲ್ಕು ಸಾಲು ಬರೆದು ತಿಳಿಸಿ. ಆಯ್ದ ಮೇಲೆ ಪುಟ ಕಟ್ಟಿಸಿ. ನೋಂದಣಿ ಶುಲ್ಕದಲ್ಲಿ ಶಾಲು, ಹಾರ, ಫಲಕಗಳಿಗೆ ದುಡ್ಡಿರುವಾಗ ಒಬ್ಬ ಡಿಟಿಪಿ ಕೆಲಸಗಾರನ ಕೂಲಿಗೂ ಇರಲೇಬೇಕು. ಸಂಪುಟವನ್ನು ಮಂಡನೆ, ಚರ್ಚೆ, ತಿದ್ದುಪಡಿ ಆದ ಮೇಲೆ ತನ್ನಿ, ಆರು ತಿಂಗಳು ತಡವಾದರೆ ಯಾವ ಜ್ಞಾನವೂ ಹಳಸದು. ಗೈಡುಗಳೇ, ವಿದ್ಯಾರ್ಥಿಯ ಕರಡಿನ ಮೇಲೆ ಕೆಂಪು ಪೆನ್ನಿನಲ್ಲಿ ‘ಅಲೈನ್‌ಮೆಂಟ್’ ಎಂದು ಬರೆಯುವುದನ್ನು ನಿಲ್ಲಿಸಿ, ಅದರ ಮೂರನೆಯ ಪುಟದ ವಾದ ಯಾಕೆ ನಿಲ್ಲುವುದಿಲ್ಲ ಎಂದು ಬರೆಯಿರಿ. ಸಂಕಿರಣಕ್ಕೆ ಅತಿಥಿಗಳಾಗಿ ಹೋಗುವ ಹಿರಿಯರೇ, ನಿಮ್ಮ ಮಾತನ್ನು ಅವರು ಕೇಳುತ್ತಾರೆ. ಟೆಂಪ್ಲೇಟಿನ ಕಾರಣಕ್ಕೆ ಓದದೆ ತಳ್ಳಿದ ಪ್ರಬಂಧಗಳು ಎಷ್ಟಿವೆ ಎಂದು ಆಹ್ವಾನ ಬಂದ ದಿನವೇ ಕೇಳಿ, ಒಂದಿದ್ದರೂ ಬರುವುದಿಲ್ಲವೆನ್ನಿ. ಮತ್ತು ‘ಜಮೀನಿಲ್ಲದವರು’ ಕಲಂ ಕೂರುತ್ತಿಲ್ಲ ಎಂದು ಯಾವ ಅಂಗಡಿಯವನಾದರೂ ಹೇಳಿದರೆ, ತಂಗಿ, ಪುಟ ಒಡೆದರೂ ಚಿಂತೆಯಿಲ್ಲ, ಆ ಕಲಂ ತೆಗೆಸಬೇಡ. ವಾಪಸ್ ಬಂದರೆ ಅದನ್ನು ಹಾಗೆಯೇ ಮತ್ತೆ ಕಳಿಸು, ಓದಿ ಉತ್ತರಿಸುವಂತೆ ಪತ್ರ ಬರೆ, ಅದರ ನಕಲನ್ನು ಕುಲಪತಿಗಳಿಗೂ ಹಾಕು.